ವಾರ್ಷಿಕ ಪಾಸ್ ಇದ್ದರೂ ರಾಜ್ಯ ಹೆದ್ದಾರಿಯಲ್ಲಿ ದುಡ್ಡು ಕಟ್ ಆಗುವುದೇಕೆ?

ಪ್ರಶ್ನೆ: ನಮ್ಮ ಮನೆ ಯಲಹಂಕದಲ್ಲಿ. ತವರು ಗೌರಿಬಿದನೂರಿನ ಹತ್ತಿರ. ಅಪ್ಪನಿಗೆ ವಯಸ್ಸಾಗಿದೆ, ಹಾಗಾಗಿ ವಾರಕ್ಕೊಮ್ಮೆ ಕಾರಿನಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ. 3,000 ರೂಪಾಯಿ ಕೊಟ್ಟು ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದೆ. ಮೈಸೂರಿಗೆ ಹೋದಾಗ ಒಂದು ಪೈಸೆಯೂ ಕಟ್ ಆಗಲಿಲ್ಲ. ತವರಿನ ದಾರಿಯಲ್ಲಿ ಮಾತ್ರ ಪ್ರತಿ ಸಲ ದುಡ್ಡು ಹೋಗುತ್ತಿದೆ. ಹೋದ ತಿಂಗಳು ಇನ್ನೊಂದು ಊರಿಗೆ ಹೋಗುವಾಗ ಬೇರೊಂದು ರಾಜ್ಯ ಹೆದ್ದಾರಿಯ ಟೋಲಿನಲ್ಲಿ ಬ್ಯಾಲೆನ್ಸ್ ಇಲ್ಲ ಎಂದು ನಿಲ್ಲಿಸಿದರು. ಅಲ್ಲೇ 500 ರೂಪಾಯಿ ರೀಚಾರ್ಜ್ ಮಾಡಿದೆ. ಆದರೂ "ಬ್ಲಾಕ್‌ಲಿಸ್ಟ್ ಅಂತಾನೇ ತೋರಿಸ್ತಿದೆ ಮೇಡಂ" ಎಂದು ನಗದು ಕೇಳಿದರು. ಕೊಟ್ಟೆ. ರಾತ್ರಿ ಎಂಟು ಗಂಟೆಗೆ ಅದೇ ಟೋಲಿನ ದುಡ್ಡು ಫಾಸ್ಟ್ಯಾಗ್‌ನಿಂದಲೂ ಹೋಗಿದೆ ಎಂದು ಎಸ್ಸೆಮ್ಮೆಸ್ ಬಂತು. ಪಾಸ್ ಅಂದರೆ ಇಷ್ಟೇನಾ? ಎರಡು ಸಲ ಹೋದ ದುಡ್ಡು ವಾಪಸ್ ಬರುತ್ತಾ?

ಉತ್ತರ: ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಎರಡು ಸಲ ಹೋದದ್ದು ವಾಪಸ್ ಬರುತ್ತದೆ. ನಗದು ಕೊಟ್ಟಾಗ ಅವರು ಕೊಟ್ಟ ಚೀಟಿ ಇನ್ನೂ ಇದೆಯಾ? ಇದ್ದರೆ ಈಗಲೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಆ ಚೀಟಿಯ ಅಕ್ಷರ ಕೆಲವೇ ವಾರಗಳಲ್ಲಿ ಮಾಸಿ ಬಿಳಿ ಕಾಗದವಾಗಿಬಿಡುತ್ತದೆ. ದೂರು ಕೊಡುವುದು ಹೇಗೆ ಎಂದು ಮುಂದೆ ಹೇಳುತ್ತೇನೆ.

ಇನ್ನು ಪಾಸಿನ ವಿಷಯ. ನಿಮಗೆ ಯಾರೂ ಮೋಸ ಮಾಡಿಲ್ಲ. ಆದರೆ ಪಾಸ್ ಕೊಳ್ಳುವಾಗ ಒಂದು ಮಾತನ್ನು ಯಾರಾದರೂ ನಿಮಗೆ ಬಿಡಿಸಿ ಹೇಳಬೇಕಿತ್ತು. ವಾರ್ಷಿಕ ಪಾಸ್ ನಡೆಯುವುದು ರಾಷ್ಟ್ರೀಯ ಹೆದ್ದಾರಿ ಮತ್ತು ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಟೋಲ್‌ಗಳಲ್ಲಿ ಮಾತ್ರ. ನೀವು ತವರಿಗೆ ಹೋಗುವ ಯಲಹಂಕ–ದೊಡ್ಡಬಳ್ಳಾಪುರ–ಗೌರಿಬಿದನೂರು ರಸ್ತೆ ರಾಜ್ಯ ಹೆದ್ದಾರಿ 9. ಅದು ರಾಜ್ಯ ಸರ್ಕಾರದ ರಸ್ತೆ. ಮಾರಸಂದ್ರದ ಟೋಲಿಗೆ ನಿಮ್ಮ ಪಾಸಿನ ಸಂಬಂಧವೇ ಇಲ್ಲ. ಅಲ್ಲಿ ನಿಮ್ಮ ಸ್ಟಿಕ್ಕರ್ ಮಾಮೂಲಿ ಫಾಸ್ಟ್ಯಾಗ್ ಹಾಗೆ ಕೆಲಸ ಮಾಡುತ್ತದೆ, ನೀವು ರೀಚಾರ್ಜ್ ಮಾಡಿಟ್ಟ ವಾಲೆಟ್ಟಿನಿಂದ ದುಡ್ಡು ತೆಗೆದುಕೊಳ್ಳುತ್ತದೆ.

ಬ್ಯಾಂಕೊಂದರ ಫಾಸ್ಟ್ಯಾಗ್ ವಿಭಾಗದಲ್ಲಿ ನಾಲ್ಕು ವರ್ಷ ದೂರುಗಳನ್ನೇ ನೋಡಿದವನು ನಾನು. ಸ್ಟಿಕ್ಕರ್ ಒಂದೇ, ಆದರೆ ರಸ್ತೆಗಳ ಒಡೆಯರು ಬೇರೆ ಬೇರೆ. ಒಡೆಯರು ಬದಲಾದರೆ ನಿಯಮವೂ ಬದಲಾಗುತ್ತದೆ. ನನ್ನ ಮುಂದೆ ಬಂದ ಮುಕ್ಕಾಲು ಗೊಂದಲಗಳ ಬೇರು ಇದೇ. ಆದ್ದರಿಂದ ಟೋಲ್ ಬಗ್ಗೆ ಏನೇ ಅನುಮಾನ ಬಂದರೂ ಮೊದಲು "ಈ ರಸ್ತೆ ಯಾರದು?" ಎಂದು ಕೇಳಿಕೊಳ್ಳಿ.

ಅದನ್ನು ತಿಳಿಯುವುದು ಕಷ್ಟವಲ್ಲ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ. ತಲೆಗೆ ಹಳದಿ ಬಣ್ಣ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ. ನಾನು ಕಲ್ಲಿನ ಬಣ್ಣ ನೋಡಿ ಅನ್ನುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಚಿಕ್ಕದಾಗಿ ಬರೆದರೂ "ರಾ.ಹೆ.", ರಾಜ್ಯ ಹೆದ್ದಾರಿಯನ್ನು ಬರೆದರೂ "ರಾ.ಹೆ." ಬೋರ್ಡಿನಲ್ಲಿ ಬರೀ "ರಾ.ಹೆ." ಇದ್ದರೆ ಯಾವುದೆಂದು ಹೇಳುವುದು ಹೇಗೆ? ಎಷ್ಟೋ ಜನ "ರಾಷ್ಟ್ರೀಯ ಹೆದ್ದಾರಿಯಲ್ಲೇ ಪಾಸ್ ನಡೀಲಿಲ್ಲ" ಎಂದು ದೂರು ಕೊಡುವಾಗ ನಿಜವಾಗಿ ಹೋಗಿದ್ದು ರಾಜ್ಯ ಹೆದ್ದಾರಿಯಲ್ಲಿ. ಕಲ್ಲು ಕಾಣದಿದ್ದರೆ ರಾಜಮಾರ್ಗಯಾತ್ರಾ ಆ್ಯಪ್ ಇದೆ. ಪಾಸ್ ಕೊಳ್ಳುವುದೂ ಅದರಲ್ಲೇ. ಪಾಸ್ ನಡೆಯುವ ಟೋಲ್‌ಗಳ ಪಟ್ಟಿಯೂ ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಅಲ್ಲಿ ದುಡ್ಡು ಕಟ್ ಆಗುತ್ತದೆ, ಅಷ್ಟೇ.

ನಿಮ್ಮ ಸುತ್ತಲಿನ ದಾರಿಗಳನ್ನೇ ನೋಡಿ. ಮೈಸೂರು ದಾರಿ ರಾಷ್ಟ್ರೀಯ ಹೆದ್ದಾರಿ 275. ಬಿಡದಿಯ ಹತ್ತಿರದ ಟೋಲ್, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನ ಟೋಲ್, ಎರಡೂ ಕಡೆ ಪಾಸ್ ನಡೆಯುತ್ತದೆ. ವಿಮಾನ ನಿಲ್ದಾಣದ ದಾರಿಯ ಸಾದಹಳ್ಳಿ ಟೋಲ್ ರಾಷ್ಟ್ರೀಯ ಹೆದ್ದಾರಿ 44ರಲ್ಲಿದೆ, ಅಲ್ಲೂ ನಡೆಯುತ್ತದೆ. ದೊಡ್ಡಬಳ್ಳಾಪುರದಲ್ಲಂತೂ ಎರಡು ಬಗೆಯ ರಸ್ತೆಗಳೂ ಸಿಗುತ್ತವೆ. ಯಲಹಂಕದಿಂದ ಬಂದ ರಸ್ತೆ ರಾಜ್ಯದ್ದು. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ರಾಷ್ಟ್ರೀಯ ಹೆದ್ದಾರಿ. ಒಂದರಿಂದ ಇನ್ನೊಂದಕ್ಕೆ ಹತ್ತಿದರೆ ಸಾಕು, ನಿಯಮ ಬೇರೆ. ನೈಸ್ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯಲ್ಲ, ಪಾಸ್ ಅಲ್ಲಿ ನಡೆಯುವುದಿಲ್ಲ.

ಪಾಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2025ರ ಆಗಸ್ಟ್ 15ಕ್ಕೆ ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಪಾಸ್ ಮುಗಿಯಿತು. ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಹಳದಿ ಬೋರ್ಡಿನ ಗಾಡಿಗೆ ಇಲ್ಲ. ಮಾಮೂಲಿ ಟೋಲಿನಲ್ಲಿ ಒಂದು ಸಲ ದಾಟಿದರೆ ಒಂದು ಟ್ರಿಪ್, ವಾಪಸ್ ಬಂದರೆ ಇನ್ನೊಂದು. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಓದುವ ರಸ್ತೆಗಳಲ್ಲಿ ಎರಡೂ ಸೇರಿ ಒಂದು ಟ್ರಿಪ್. ನೀವು ಜಾಸ್ತಿ ಓಡಾಡುವುದು ತವರಿಗೇ ಆದರೆ, ಪಾಸ್ ಮುಗಿದ ಮೇಲೆ ಮತ್ತೆ ಮಾಡಿಸಬೇಕಾ ಎಂದು ಯೋಚಿಸಿ. ವರ್ಷದಲ್ಲಿ ರಾಷ್ಟ್ರೀಯ ಹೆದ್ದಾರಿಯ ಟೋಲ್ ಎಷ್ಟು ಸಲ ದಾಟಿದಿರಿ ಎಂದು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೋಡಿ ಎಣಿಸಿ. ಆ ಎಣಿಕೆಯೇ ಉತ್ತರ ಕೊಡುತ್ತದೆ.

ಈಗ ನಿಮ್ಮನ್ನು ನಿಲ್ಲಿಸಿದ ಆ ದಿನಕ್ಕೆ ಬರೋಣ. ಪಾಸ್ ಮಾಡಿಸಿದ ಬಹಳ ಜನ ಬೀಳುವ ಗುಂಡಿ ಇದೇ. ಪಾಸಿನ ದುಡ್ಡು ಬೇರೆ, ವಾಲೆಟ್ಟಿನ ದುಡ್ಡು ಬೇರೆ. "ಪಾಸ್ ಇದೆಯಲ್ಲ, ರೀಚಾರ್ಜ್ ಯಾಕೆ" ಎಂದು ವಾಲೆಟ್ ಕಡೆ ನೋಡುವುದನ್ನೇ ಬಿಡುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಟ್ರಿಪ್ ಎಣಿಕೆಯಾಗುತ್ತಾ ಹೋಗುತ್ತದೆ. ರಾಜ್ಯ ಹೆದ್ದಾರಿಯಲ್ಲಿ ಮಾತ್ರ ವಾಲೆಟ್ ಕರಗುತ್ತಾ ಬಂದು ಒಂದು ದಿನ ಖಾಲಿ. ನಿಮಗೂ ಹೀಗೇ ಆಗಿರಬೇಕು.

ಸರಿ, ಅಲ್ಲೇ ರೀಚಾರ್ಜ್ ಮಾಡಿದಿರಲ್ಲ, ಆದರೂ ಕೆಂಪು ದೀಪ ಯಾಕೆ? ಇದಕ್ಕೆ ಲೇನಿನಲ್ಲಿ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು.

ನಿಮ್ಮ ಗಾಜಿಗೆ ಅಂಟಿಸಿರುವ ಸ್ಟಿಕ್ಕರಿನಲ್ಲಿ ದುಡ್ಡಿಲ್ಲ. ಬ್ಯಾಟರಿಯೂ ಇಲ್ಲ. ಬೆಳಕಿಗೆ ಹಿಡಿದರೆ ಒಳಗೆ ತೆಳ್ಳಗೆ ಲೋಹದ ಗೆರೆಗಳು ಕಾಣುತ್ತವೆ. ಅದೇ ಆಂಟೆನಾ. ಗೆರೆಗಳ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್. ಲೇನಿನ ಮೇಲೆ ತೂಗುಹಾಕಿದ ಚೌಕದ ರೀಡರ್ ರೇಡಿಯೋ ಅಲೆ ಬಿಡುತ್ತದೆ. 865ರಿಂದ 867 ಮೆಗಾಹರ್ಟ್ಸ್ ನಡುವಿನ ಅಲೆ ಅದು. ಆ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚರವಾಗಿ ತನ್ನ ನಂಬರ್ ಹೇಳುತ್ತದೆ. ಅಷ್ಟೇ ಅದರ ಕೆಲಸ. ಅದಕ್ಕೇ ಸ್ಟಿಕ್ಕರ್ ಕಿತ್ತು ಮತ್ತೆ ಅಂಟಿಸಬೇಡಿ ಅನ್ನುವುದು. ಆ ಗೆರೆ ಒಂದು ಕಡೆ ಹರಿದರೂ ಸ್ಟಿಕ್ಕರ್ ಮೂಕವಾಗುತ್ತದೆ. ಲೋಹದ ಅಂಶ ಇರುವ ಸನ್ ಫಿಲ್ಮ್ ಗಾಜಿಗೆ ಹಾಕಿಸಿದರೂ ಅಲೆ ಒಳಗೆ ಬರುವುದಿಲ್ಲ.

ಚಿಪ್ ಹೇಳಿದ ನಂಬರ್ ಟೋಲಿನ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿಂದ ಟೋಲಿನವರ ಬ್ಯಾಂಕಿಗೆ. ಅಲ್ಲಿಂದ ಎನ್‌ಪಿಸಿಐ ನಡೆಸುವ ರಾಷ್ಟ್ರೀಯ ಎಲೆಕ್ಟ್ರಾನಿಕ್ ಟೋಲ್ ವ್ಯವಸ್ಥೆಗೆ. ಯುಪಿಐ ನಡೆಸುವ ಸಂಸ್ಥೆಯೇ ಇದು. ಕೊನೆಗೆ ನಿಮಗೆ ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ. ನಿಮ್ಮ ಬ್ಯಾಂಕು ದುಡ್ಡು ಕಳೆದು ಎಸ್ಸೆಮ್ಮೆಸ್ ಕಳಿಸುತ್ತದೆ. ಆದರೆ ಗೇಟು ಇದೆಲ್ಲ ಮುಗಿಯುವ ತನಕ ಕಾಯುವುದಿಲ್ಲ. ಕಾದರೆ ಹಿಂದಿನವರು ಹಾರ್ನ್ ಹೊಡೆಯುತ್ತಾ ಸಾಲು ನಿಲ್ಲುತ್ತದೆ. ಗೇಟು ನೋಡುವುದು ಒಂದನ್ನೇ. ಈ ಸ್ಟಿಕ್ಕರ್ ಬ್ಲಾಕ್‌ಲಿಸ್ಟಿನಲ್ಲಿ, ಅಂದರೆ ಬ್ಯಾಲೆನ್ಸ್ ಇಲ್ಲದಂಥ ಕಾರಣಕ್ಕೆ ತಡೆಹಿಡಿದ ಸ್ಟಿಕ್ಕರ್‌ಗಳ ಪಟ್ಟಿಯಲ್ಲಿ, ಇದೆಯಾ, ಇಲ್ಲವಾ? ಇಲ್ಲದಿದ್ದರೆ ಹಸಿರು ದೀಪ, ಗೇಟು ಮೇಲೆ. ಲೆಕ್ಕ ಆಮೇಲೆ.

ರಾಜ್ಯ ಹೆದ್ದಾರಿಗೂ ರಾಷ್ಟ್ರೀಯ ಹೆದ್ದಾರಿಗೂ ಇರುವ ದೊಡ್ಡ ವ್ಯತ್ಯಾಸ ಆ ಪಟ್ಟಿಯಲ್ಲೇ ಇದೆ. 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವೇ ಒಂದು ಸ್ಪಷ್ಟನೆ ಕೊಟ್ಟಿತು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳೆಲ್ಲ ಐಸಿಡಿ 2.5 ಎಂಬ ವ್ಯವಸ್ಥೆಯಲ್ಲಿವೆ. ಅದರಲ್ಲಿ ಸ್ಟಿಕ್ಕರಿನ ಸ್ಥಿತಿ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಹಾಗಾಗಿ ಟೋಲ್ ದಾಟುವ ಮುಂಚೆ ಯಾವಾಗ ರೀಚಾರ್ಜ್ ಮಾಡಿದರೂ ನಡೆಯುತ್ತದೆ. ಆದರೆ ರಾಜ್ಯ ಹೆದ್ದಾರಿಯ ಕೆಲವು ಟೋಲ್‌ಗಳು ಆಗಿನ್ನೂ ಹಳೆಯ ಐಸಿಡಿ 2.4ರಲ್ಲೇ ಇದ್ದವು. ಅವನ್ನೂ ಹೊಸದಕ್ಕೆ ಬದಲಿಸುವ ಯೋಜನೆ ಇದೆ ಎಂದೂ ಪ್ರಾಧಿಕಾರ ಹೇಳಿತ್ತು.

ಹಳೆಯ ವ್ಯವಸ್ಥೆ ಹೇಗೆಂದರೆ, ಟೋಲಿನ ಕಂಪ್ಯೂಟರ್ ಆಗಾಗ ಪಟ್ಟಿ ಇಳಿಸಿಕೊಳ್ಳುತ್ತದೆ. ಮಧ್ಯದಲ್ಲಿ ನೀವು ರೀಚಾರ್ಜ್ ಮಾಡಿದರೆ ಬ್ಯಾಂಕಿಗೆ ಗೊತ್ತು, ನಿಮ್ಮ ಮೊಬೈಲಿಗೆ ಗೊತ್ತು. ಗೇಟಿಗೆ ಗೊತ್ತಿಲ್ಲ. ಅದರ ಕೈಯಲ್ಲಿರುವುದು ಸ್ವಲ್ಪ ಹೊತ್ತಿನ ಹಿಂದಿನ ಪಟ್ಟಿ, ಅದರಲ್ಲಿ ನಿಮ್ಮ ನಂಬರ್ ಇನ್ನೂ ಕೂತಿದೆ. ಬೂತಿನಲ್ಲಿರುವ ಹುಡುಗ ಬೇಕಂತಲೇ ಮಾಡಿದ್ದಲ್ಲ. ಅವನ ಸ್ಕ್ರೀನಿನಲ್ಲಿ ನಿಜವಾಗಿಯೂ ಬ್ಲಾಕ್‌ಲಿಸ್ಟ್ ಅಂತಲೇ ಇರುತ್ತದೆ. ನೀವು ಹೇಳುವುದೂ ನಿಜ, ಅವನು ಹೇಳುವುದೂ ನಿಜ. ಬಿಸಿಲಲ್ಲಿ ಇಬ್ಬರೂ ಜಗಳ ಆಡುವುದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ರಾತ್ರಿ ಮತ್ತೆ ಕಟ್ ಆದದ್ದು ಯಾಕೆ ಅಂತ ಈಗ ನೋಡೋಣ. 2025ರ ಫೆಬ್ರುವರಿ 17ರಿಂದ ಎನ್‌ಪಿಸಿಐ ಒಂದು ನಿಯಮ ತಂದಿದೆ. ರೀಡರ್ ಓದುವುದಕ್ಕೆ ಒಂದು ಗಂಟೆಗಿಂತ ಮುಂಚಿನಿಂದ ಸ್ಟಿಕ್ಕರ್ ಬ್ಲಾಕ್‌ಲಿಸ್ಟಿನಲ್ಲಿದ್ದು, ಓದಿದ 10 ನಿಮಿಷದ ನಂತರವೂ ಹಾಗೇ ಇದ್ದರೆ ಆ ವ್ಯವಹಾರ ತಿರಸ್ಕಾರ. ಇದನ್ನು ತಿರುಗಿಸಿ ಓದಿ. 10 ನಿಮಿಷದೊಳಗೆ ರೀಚಾರ್ಜ್ ಆಗಿದ್ದರೆ ವ್ಯವಹಾರ ಒಪ್ಪಿಗೆಯಾಗಬಹುದು. ನೀವು ಗೇಟಿನ ಎದುರಲ್ಲೇ ರೀಚಾರ್ಜ್ ಮಾಡಿದಿರಿ. ರೀಡರ್ ಅಷ್ಟರಲ್ಲಿ ನಿಮ್ಮ ನಂಬರ್ ಓದಿ ಇಟ್ಟುಕೊಂಡಿತ್ತು. ಸಂಜೆ ಟೋಲಿನವರು ಲೆಕ್ಕ ಕಳಿಸಿದಾಗ ನಿಮ್ಮ ಸ್ಟಿಕ್ಕರಿನಲ್ಲಿ ದುಡ್ಡಿತ್ತು, ನಿಮ್ಮ ಬ್ಯಾಂಕು ಕೊಟ್ಟುಬಿಟ್ಟಿತು. ಲೇನಿನಲ್ಲಿ ನಗದು ಕೊಟ್ಟಿದ್ದು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ನಾವೇ ಹೇಳಬೇಕು.

ಹೇಳುವುದು ಹೀಗೆ. ಟೋಲಿಗೆ ಮತ್ತೆ ಹೋಗಿ ಕೇಳಬೇಡಿ, ಪೆಟ್ರೋಲ್ ದಂಡ. ಸ್ಟಿಕ್ಕರ್ ಕೊಟ್ಟ ಬ್ಯಾಂಕಿನ ಆ್ಯಪ್ ಅಥವಾ ಫಾಸ್ಟ್ಯಾಗ್ ಪೋರ್ಟಲ್ ತೆರೆಯಿರಿ. ಯಾವ ಬ್ಯಾಂಕು ಅಂತ ಮರೆತಿದ್ದರೆ ಸ್ಟಿಕ್ಕರಿನ ಮೇಲೆಯೇ ಹೆಸರಿರುತ್ತದೆ. ವ್ಯವಹಾರಗಳ ಪಟ್ಟಿಯಲ್ಲಿ ಆ ಸಾಲನ್ನು ಆರಿಸಿ, ಅದರ ಮೇಲೇ ತಕರಾರು ದಾಖಲಿಸಿ. ಕಾರಣ ಕೇಳಿದಾಗ "ಬೇರೆ ರೀತಿಯಲ್ಲಿ ಪಾವತಿ ಮಾಡಿದ್ದೇನೆ" ಅನ್ನುವ ಅರ್ಥದ ಆಯ್ಕೆ ಹುಡುಕಿ. ನಗದು ಚೀಟಿಯ ಫೋಟೋ ಸೇರಿಸಿ. ಕೊನೆಗೆ ಸಿಗುವ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇದಕ್ಕೆ ಬ್ಯಾಂಕಿನವರು ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ನಿಮ್ಮ ಬ್ಯಾಂಕು ಟೋಲಿನ ಬ್ಯಾಂಕನ್ನು ಕೇಳುತ್ತದೆ. ಅವರು ಸಾಕ್ಷಿ ತೋರಿಸಬೇಕು. ತೋರಿಸಲು ಆಗದಿದ್ದರೆ ದುಡ್ಡು ನಿಮ್ಮ ವಾಲೆಟ್ಟಿಗೆ ವಾಪಸ್.

ಚೀಟಿ ಕಳೆದುಹೋಗಿದ್ದರೂ ದೂರು ಕೊಡಿ. ನಗದು ಕೊಟ್ಟ ದಿನ, ಗಂಟೆ, ಲೇನ್ ನಂಬರ್ ನೆನಪಿದ್ದಷ್ಟು ಬರೆಯಿರಿ. ಅವರ ಲೆಕ್ಕದಲ್ಲಿ ನಗದಿನ ನಮೂದು ಇರಬೇಕು. 30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ, ಅಥವಾ ಸುಮ್ನೆ ತಳ್ಳಿಹಾಕಿದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ದೂರು ಆನ್‌ಲೈನಿನಲ್ಲೇ ಕೊಡಬಹುದು, ದುಡ್ಡಿಲ್ಲ, ವಕೀಲರೂ ಬೇಡ. ನಲವತ್ತು ಐವತ್ತು ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಒಂದೇ ಟೋಲಿನ ಮೇಲೆ ದೂರುಗಳು ಸೇರಿದರೆ ಆ ಲೇನಿನ ತೊಂದರೆ ಕಣ್ಣಿಗೆ ಬೀಳುತ್ತದೆ. ಇಲ್ಲದಿದ್ದರೆ ಅದು ನಾಳೆ ಇನ್ನೊಬ್ಬರಿಗೆ ಆಗುತ್ತದೆ.

ನನಗೇ ಆದದ್ದೊಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನನ್ನ ಕಾರು ಕ್ಲಚ್ ರಿಪೇರಿಗೆಂದು ಗ್ಯಾರೇಜಿನಲ್ಲಿ ಮೂರು ದಿನ ನಿಂತಿತ್ತು. ಎರಡನೇ ದಿನ ಮಧ್ಯಾಹ್ನ, ನಾನು ಊಟಕ್ಕೆ ಕೂತಿದ್ದಾಗ, 200 ಕಿಲೋಮೀಟರ್ ಆಚೆಯ ಒಂದು ಟೋಲಿನಲ್ಲಿ ದುಡ್ಡು ಕಟ್ ಆದ ಎಸ್ಸೆಮ್ಮೆಸ್ ಬಂತು. ಮೊದಲು ಎದೆ ಧಸಕ್ ಅಂತು. ಗ್ಯಾರೇಜಿಗೆ ಫೋನ್ ಮಾಡಿದರೆ ಗಾಡಿ ಅಲ್ಲೇ ಇದೆ, ಬಾನೆಟ್ ತೆರೆದೇ ಇದೆ. ಆಗಿದ್ದು ಇಷ್ಟು. ಬೇರೆ ಯಾರದೋ ಸ್ಟಿಕ್ಕರ್ ರೀಡರಿಗೆ ಸಿಕ್ಕಿಲ್ಲ. ಲೇನಿನವರು ಗಾಡಿ ನಂಬರನ್ನು ಕೈಯಲ್ಲೇ ಒತ್ತಿದ್ದಾರೆ. ಒಂದು ಅಂಕಿ ತಪ್ಪಿ ನನ್ನ ನಂಬರ್ ಆಗಿದೆ. ಗ್ಯಾರೇಜಿನ ಜಾಬ್ ಕಾರ್ಡಿನ ಫೋಟೋ ಹಾಕಿ ದೂರು ಕೊಟ್ಟೆ. ಟೋಲಿನವರು ಕಳಿಸಿದ ಲೇನ್ ಕ್ಯಾಮೆರಾ ಚಿತ್ರದಲ್ಲಿ ಬಿಳಿ ಪಿಕಪ್ ಇತ್ತು, ನನ್ನದು ನೀಲಿ ಕಾರು. ದುಡ್ಡು ಬಂತು. ಅವತ್ತಿನಿಂದ ಟೋಲ್ ಎಸ್ಸೆಮ್ಮೆಸ್ ಒಂದನ್ನೂ ಓದದೆ ಅಳಿಸುವುದಿಲ್ಲ.

ಎಸ್ಸೆಮ್ಮೆಸ್ ಓದುವಾಗ ಇನ್ನೊಂದು ಗಮನಿಸಿ. ಅದು ಬಂದ ಗಂಟೆ ಬೇರೆ, ನೀವು ಟೋಲ್ ದಾಟಿದ ಗಂಟೆ ಬೇರೆ. ಟೋಲಿನ ಇಂಟರ್ನೆಟ್ ಕೈಕೊಟ್ಟರೆ ಲೆಕ್ಕ ತಡವಾಗಿ ಹೋಗುತ್ತದೆ. ಬೆಳಿಗ್ಗೆ ದಾಟಿದ್ದಕ್ಕೆ ರಾತ್ರಿ ಎಸ್ಸೆಮ್ಮೆಸ್ ಬರಬಹುದು. "ರಾತ್ರಿ ಮನೇಲಿದ್ದೆ, ಹೇಗೆ ಕಟ್ ಆಯ್ತು" ಎಂದು ಗಾಬರಿಯಾಗುವ ಮುಂಚೆ ಸ್ಟೇಟ್‌ಮೆಂಟಿನಲ್ಲಿ ರೀಡರ್ ಓದಿದ ಸಮಯ ನೋಡಿ. ಅದು ನೀವು ಅಲ್ಲಿದ್ದ ಸಮಯಕ್ಕೆ ಹೊಂದಿದರೆ ಅದು ನಿಮ್ಮದೇ ಟ್ರಿಪ್. ಹೊಂದದಿದ್ದರೆ ತಕರಾರು ಹಾಕಿ.

ಜಾಸ್ತಿ ಕಟ್ ಆಗುವುದಕ್ಕೆ ಇನ್ನೊಂದು ಕಾರಣ ಗಾಡಿಯ ವರ್ಗ. ಲೇನಿನಲ್ಲಿ ಗಾಡಿಯ ಗಾತ್ರ, ಅಚ್ಚು ಎಣಿಸುವ ಸೆನ್ಸರ್ ಇರುತ್ತದೆ. ಸ್ಟಿಕ್ಕರಿನಲ್ಲಿ ಕಾರು ಎಂದಿದ್ದು, ಸೆನ್ಸರ್ ಮಿನಿ ಲಾರಿ ಎಂದರೆ ಲೆಕ್ಕ ತಪ್ಪುತ್ತದೆ. ಕಾರಿನವರಿಗೆ ಇದು ಅಪರೂಪ. ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡವರು, ಸಣ್ಣ ಗೂಡ್ಸ್ ಗಾಡಿಯವರು ಮಾತ್ರ ಆರ್‌ಸಿ ಪ್ರಕಾರ ಸ್ಟಿಕ್ಕರಿನ ವರ್ಗ ಸರಿಯಿದೆಯಾ ಎಂದು ಒಮ್ಮೆ ನೋಡಿಕೊಳ್ಳಲಿ.

ಈಗ ದರದ ವಿಷಯ. ನೀವು ಕೇಳಿಲ್ಲ, ಆದರೆ ವಾರವಾರ ಹೋಗುವವರಿಗೆ ಇದು ಮುಖ್ಯ. ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ವಾಪಸ್ ಬಂದರೆ ಹೋಗಿ ಬರುವ ದರ ಒಂದೂವರೆ ಪಟ್ಟು. ಹೋಗುವಾಗ 100 ಇದ್ದರೆ ಬರುವಾಗ 50 ಕಟ್ ಆಗುತ್ತದೆ. ನೀವೇನೂ ಕೇಳಬೇಕಿಲ್ಲ, ಫಾಸ್ಟ್ಯಾಗ್ ತಾನೇ ಲೆಕ್ಕ ಹಾಕುತ್ತದೆ. ರಾಜ್ಯ ಹೆದ್ದಾರಿಯಲ್ಲಿ ದರ ನಿಗದಿ ಮಾಡುವುದು ರಾಜ್ಯ. ನಮ್ಮಲ್ಲಿ ಲೋಕೋಪಯೋಗಿ ಇಲಾಖೆ, ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ, ಕೆಶಿಪ್ (ರಾಜ್ಯ ಹೆದ್ದಾರಿಗಳ ಸುಧಾರಣಾ ಯೋಜನೆ) ಇವುಗಳ ಯೋಜನೆಯಲ್ಲಿ ರಸ್ತೆ ಆಗಿರುತ್ತದೆ, ಟೋಲ್ ಎತ್ತುವುದು ಗುತ್ತಿಗೆದಾರರು. ಹಾಗಾಗಿ ವಾಪಸ್ ದರ, ತಿಂಗಳ ಪಾಸು, ಸುತ್ತಲಿನ ಊರಿನವರಿಗೆ ರಿಯಾಯಿತಿ, ಇವೆಲ್ಲ ಆಯಾ ರಸ್ತೆಯ ಅಧಿಸೂಚನೆಯಲ್ಲಿ ಏನಿದೆಯೋ ಅದು.

ಅದನ್ನು ತಿಳಿಯಲು ಟೋಲಿಗೆ ಸ್ವಲ್ಪ ಮುಂಚೆ ನಿಲ್ಲಿಸಿರುವ ದೊಡ್ಡ ಬೋರ್ಡ್ ಓದಬೇಕು. ಓಡುವ ಕಾರಿನಿಂದ ಅದನ್ನು ಯಾರೂ ಓದಲಾರರು. ಒಂದು ದಿನ ಟೋಲ್ ದಾಟಿದ ಮೇಲೆ ಗಾಡಿ ಬದಿಗೆ ಹಾಕಿ, ಇಳಿದು, ಬೋರ್ಡಿನ ಫೋಟೋ ತೆಗೆಯಿರಿ. ಎಡಗಡೆ ಗಾಡಿಗಳ ವರ್ಗ ಇರುತ್ತದೆ. ಪಕ್ಕದ ಕಾಲಮ್ಮಿನಲ್ಲಿ ಒಂದು ಕಡೆಯ ದರ. ಅದರ ಪಕ್ಕದಲ್ಲಿ ಹೋಗಿ ಬರುವ ದರ, ತಿಂಗಳ ಪಾಸಿನ ದರ ಇದೆಯಾ ನೋಡಿ. ಹೋಗಿ ಬರುವ ದರ ಇದ್ದರೆ, ಅದಕ್ಕೆ ಎಷ್ಟು ಗಂಟೆಯ ಮಿತಿ ಎಂಬುದನ್ನೂ ನೋಡಿ. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ಬಂದರೆ 24 ಗಂಟೆ ಮೀರಿರುತ್ತದೆ, ಪೂರ್ತಿ ದರವೇ ಬೀಳುತ್ತದೆ. ತಿಂಗಳ ಪಾಸ್ ಇದ್ದರೆ ಟೋಲ್ ಕಚೇರಿಯಲ್ಲೇ ಕೇಳಿ, ಆರ್‌ಸಿ ಮತ್ತು ಆಧಾರ್ ಪ್ರತಿ ಒಯ್ಯಿರಿ. ತಿಂಗಳಿಗೆ ನಾಲ್ಕು ಸಲ ಹೋಗಿ ಬರುವ ನಿಮ್ಮ ಖರ್ಚಿಗಿಂತ ಅದು ಕಡಿಮೆಯಾದರೆ ಮಾತ್ರ ಮಾಡಿಸಿ.

ರಾಷ್ಟ್ರೀಯ ಹೆದ್ದಾರಿಯ ನಿಯಮವನ್ನು ರಾಜ್ಯ ಹೆದ್ದಾರಿಯ ಬೂತಿನಲ್ಲಿ ಹಿಡಿದು ವಾದಿಸುವವರನ್ನು ಬಹಳ ನೋಡಿದ್ದೇನೆ. "60 ಕಿಲೋಮೀಟರ್ ಒಳಗೆ ಎರಡು ಟೋಲ್ ಇರಬಾರದು" ಅನ್ನುವುದು ಅದರಲ್ಲಿ ಮೊದಲನೆಯದು. ಆ ನಿಯಮ ಇರುವುದು ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ನಿಯಮಗಳಲ್ಲಿ, ಒಂದೇ ಹೆದ್ದಾರಿಯ ಒಂದೇ ದಿಕ್ಕಿಗೆ, ಅದರಲ್ಲೂ ವಿನಾಯಿತಿಗಳಿವೆ. ಕರಾವಳಿಯಲ್ಲಿ ಹೆಜಮಾಡಿಯ ಟೋಲ್ ರಾಷ್ಟ್ರೀಯ ಹೆದ್ದಾರಿ 66ರದ್ದು. ಅಲ್ಲಿಂದ ಸ್ವಲ್ಪ ದೂರದ ಪಡುಬಿದ್ರಿಯಲ್ಲಿ ಕಾರ್ಕಳದ ಕಡೆ ತಿರುಗಿದರೆ ರಾಜ್ಯ ಹೆದ್ದಾರಿ. 2024ರಲ್ಲಿ ಆ ರಸ್ತೆಯ ಕಂಚಿನಡ್ಕದಲ್ಲಿ ಟೋಲ್ ಹಾಕಲು ಹೊರಟಾಗ ಊರಿನವರು ಬೀದಿಗಿಳಿದರು. ದಿನಾ ಓಡಾಡುವವರ ಸಂಕಟ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹುಡುಕಬೇಕಾದ್ದು ರಾಜ್ಯ ಸರ್ಕಾರದ ಬಳಿ, 60 ಕಿಲೋಮೀಟರಿನ ನಿಯಮದಲ್ಲಲ್ಲ.

ಎರಡನೆಯದು ಡಬಲ್ ದುಡ್ಡು. ರಾಷ್ಟ್ರೀಯ ಹೆದ್ದಾರಿಯಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಇಲ್ಲದಿದ್ದರೆ ಎರಡು ಪಟ್ಟು. 2025ರ ನವೆಂಬರ್ 15ರಿಂದ ಇದು ಸ್ವಲ್ಪ ಬದಲಾಯಿತು. ಆಗ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು ಎಂದಾಯಿತು. 100ರ ಜಾಗದಲ್ಲಿ ನಗದಾದರೆ 200, ಯುಪಿಐ ಆದರೆ 125 ಆಗುತ್ತಿತ್ತು. ಇದೂ ರಾಷ್ಟ್ರೀಯ ಹೆದ್ದಾರಿಯ ನಿಯಮವೇ. ರಾಜ್ಯ ಹೆದ್ದಾರಿಯಲ್ಲಿ ಡಬಲ್ ಕೇಳಿದರೆ "ಬೋರ್ಡಿನಲ್ಲಿ ಎಲ್ಲಿದೆ ತೋರಿಸಿ" ಎಂದು ಮರ್ಯಾದೆಯಿಂದಲೇ ಕೇಳಿ. ಏನೇ ಕೊಟ್ಟರೂ ಚೀಟಿ ಪಡೆಯದೆ ಗಾಡಿ ತೆಗೆಯಬೇಡಿ.

ಮೂರನೆಯದು, ಸ್ಟಿಕ್ಕರ್ ಸರಿಯಿದ್ದು, ಬ್ಯಾಲೆನ್ಸ್ ಇದ್ದು, ಟೋಲಿನ ಯಂತ್ರವೇ ಕೆಟ್ಟಿದ್ದರೆ ಪುಕ್ಕಟೆ ಬಿಡಬೇಕು ಅನ್ನುವುದು. ನಿಜ, 2018ರ ತಿದ್ದುಪಡಿಯಲ್ಲಿ ಹಾಗಿದೆ, ಸೊನ್ನೆ ರೂಪಾಯಿಯ ಚೀಟಿ ಕೊಟ್ಟು ಬಿಡಬೇಕು. ಅದೂ ರಾಷ್ಟ್ರೀಯ ಹೆದ್ದಾರಿಗೇ. 1033 ಸಹಾಯವಾಣಿಯೂ ಹಾಗೇ. ರಾಜ್ಯ ಹೆದ್ದಾರಿಯ ಬೂತಿನ ಹತ್ತಿರ ಅಲ್ಲಿನ ಸಹಾಯವಾಣಿ ನಂಬರ್, ಟೋಲ್ ಮ್ಯಾನೇಜರ್ ನಂಬರ್ ಬರೆದಿರುತ್ತಾರೆ. ಬೋರ್ಡಿನ ಫೋಟೋ ತೆಗೆಯುವಾಗ ಅದನ್ನೂ ತೆಗೆದುಕೊಳ್ಳಿ.

ಮುಂದೆ ಹೀಗಾಗದಂತೆ ಮಾಡಲು ಸುಲಭದ ದಾರಿ ಇದೆ. ಬ್ಯಾಂಕಿನ ಆ್ಯಪಿನಲ್ಲಿ ಆಟೋ ರೀಚಾರ್ಜ್ ಹಾಕಿಸಿ. ಬ್ಯಾಲೆನ್ಸ್ 200ಕ್ಕಿಂತ ಇಳಿದರೆ ಖಾತೆಯಿಂದ 500 ತಾನೇ ಬರಲಿ ಅನ್ನುವ ಹಾಗೆ. 2024ರಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ, ಪ್ರತಿ ಸಲ ಮುಂಚಿತ ಸೂಚನೆಗೆ ಕಾಯಬೇಕಿಲ್ಲ. ಆಟೋ ಬೇಡ ಅನ್ನುವವರು ಹೊರಡುವ ಹಿಂದಿನ ರಾತ್ರಿಯೇ ಬ್ಯಾಲೆನ್ಸ್ ನೋಡಿ ರೀಚಾರ್ಜ್ ಮಾಡಲಿ. ರಾಜ್ಯ ಹೆದ್ದಾರಿಗೆ ಗೇಟಿನ ಎದುರಿನ ರೀಚಾರ್ಜ್ ನಂಬಿಕೊಳ್ಳಬೇಡಿ. ಸ್ಟಿಕ್ಕರ್ ಸರಿಯಿದೆಯಾ, ಬ್ಲಾಕ್ ಆಗಿದೆಯಾ ಎಂಬುದನ್ನು ಎನ್‌ಪಿಸಿಐ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ನೋಡಬಹುದು. "ಫಾಸ್ಟ್ಯಾಗ್ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ ಕೆವೈಸಿ ಮಾಡಿ" ಎಂದು ಬರುವ ಸಂದೇಶ ಮಾತ್ರ ಮುಟ್ಟಬೇಡಿ. ಕೆವೈಸಿ ಮಾಡುವುದಿದ್ದರೆ ನೀವೇ ಬ್ಯಾಂಕಿನ ಆ್ಯಪ್ ತೆರೆದು ಮಾಡಿ. ಓಟಿಪಿ ಯಾರು ಕೇಳಿದರೂ ಕೊಡಬೇಡಿ.

ಸ್ಟಿಕ್ಕರನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು ಗೇಟಿನಲ್ಲಿ ಕೈಯಲ್ಲಿ ಹಿಡಿದು ತೋರಿಸುವ ಅಭ್ಯಾಸ ಕೆಲವರಿಗಿದೆ. ಅಂಥ ಸ್ಟಿಕ್ಕರ್‌ಗಳನ್ನು ಬ್ಲಾಕ್‌ಲಿಸ್ಟಿಗೆ ಹಾಕುವಂತೆ 2025ರ ಜುಲೈಯಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಸೂಚಿಸಿದೆ. ಒಮ್ಮೆ ಬ್ಲಾಕ್ ಆದರೆ ರಾಜ್ಯ ಹೆದ್ದಾರಿಯಲ್ಲೂ ಬ್ಲಾಕೇ. ಒಳಗಿನ ಕನ್ನಡಿಯ ಹಿಂದೆ, ಗಾಜಿನ ನಡುವಿಗೆ, ಒಳಗಡೆಯಿಂದ ಸರಿಯಾಗಿ ಅಂಟಿಸಿ ಬಿಟ್ಟುಬಿಡಿ.

ಇವತ್ತು ಸಂಜೆ ಎರಡೇ ಕೆಲಸ ಮಾಡಿ. ಚೀಟಿಯ ಫೋಟೋ ಹಾಕಿ ಬ್ಯಾಂಕಿಗೆ ತಕರಾರು. ಆಮೇಲೆ ವಾಲೆಟ್ಟಿಗೆ 500. ಈ ವಾರ ಅಪ್ಪನನ್ನು ನೋಡಲು ಹೋಗುವಾಗ ಮಾರಸಂದ್ರ ದಾಟಿದ ಮೇಲೆ ಗಾಡಿ ಬದಿಗೆ ನಿಲ್ಲಿಸಿ ಆ ಬೋರ್ಡಿನ ಫೋಟೋ ತೆಗೆಯಿರಿ. ಅದರಲ್ಲಿ ತಿಂಗಳ ಪಾಸಿನ ಕಾಲಮ್ ಇದ್ದು ಲೆಕ್ಕ ಗೊತ್ತಾಗದಿದ್ದರೆ ಫೋಟೋ ನನಗೆ ಕಳಿಸಿ, ಮಾಡಿಸಬೇಕೋ ಬೇಡವೋ ನೋಡಿ ಹೇಳುತ್ತೇನೆ.